ಬೆಂದ ಕೈಗೆ ಬೇಕಾದದ್ದು ನೀರು, ತುಪ್ಪವಲ್ಲ

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೊರಟವನ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದವರು. ಕೇರಳದಲ್ಲಿ ನೆಲೆಸಿರುವ ಕನ್ನಡಿಗರಾದ ನಮ್ಮ ಪಾಡು ಆ ಗಾದೆಯವನಿಗಿಂತಲೂ ವಿಚಿತ್ರವಾದದ್ದು. ಇಲ್ಲಿ ಬಾವಿ ತೋಡುವ ಶ್ರಮವೂ ನಮಗಿಲ್ಲ. ಹಳೆಯ ಮನೆಗಳ ಅಂಗಳದಲ್ಲಿ ಬಾವಿಯಿದೆ. ಫ್ಲ್ಯಾಟಿನ ಅಡುಗೆಮನೆಯಲ್ಲಿ ನಲ್ಲಿಯಿದೆ. ಆಕಾಶವಂತೂ ವರ್ಷಕ್ಕೆ ಎರಡು ಮಳೆಗಾಲಗಳನ್ನು ಕರುಣಿಸುತ್ತದೆ. ಹೀಗಿದ್ದೂ ಒಗ್ಗರಣೆಯ ಎಣ್ಣೆ ಸಿಡಿದು ಕೈ ಬೆಂದಾಗ, ನಲ್ಲಿಯಿಂದ ಎರಡೇ ಹೆಜ್ಜೆ ದೂರದಲ್ಲಿ ನಿಂತು ನಾವು ಕೂಗುವ ಮಾತು "ತುಪ್ಪದ ಡಬ್ಬಿ ಎಲ್ಲಿ?" ಎಂಬುದು. ಉರಿಯುವ ಬೆಂಕಿಗೆ ತುಪ್ಪ ಸುರಿಯಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ಭಾಷೆ ನಮ್ಮದು. ಅದೇ ನಾವು ಬೆಂಕಿಯಲ್ಲಿ ಬೆಂದ ಚರ್ಮಕ್ಕೆ ತುಪ್ಪ ಸವರುತ್ತೇವೆ!

ಘಟ್ಟದ ಮೇಲಿನವರು, ಕರಾವಳಿಯವರು, ಬಯಲುಸೀಮೆಯವರು ಎಂದು ಊಟದಲ್ಲೂ ಮಾತಿನಲ್ಲೂ ಬೇರೆ ಬೇರೆಯಾಗಿ ಉಳಿದಿರುವ ನಾವು ಈ ಒಂದು ವಿಷಯದಲ್ಲಿ ಮಾತ್ರ ಪೂರ್ಣ ಒಗ್ಗಟ್ಟಿನವರು. ಒಬ್ಬರ ಮನೆಯಲ್ಲಿ ಬೆಣ್ಣೆ, ಇನ್ನೊಬ್ಬರಲ್ಲಿ ದೋಸೆ ಹಿಟ್ಟು, ಮತ್ತೊಬ್ಬರಲ್ಲಿ ಅರಿಶಿನ, ಮಗದೊಬ್ಬರಲ್ಲಿ ಜೇನುತುಪ್ಪ. ಹಿಂದಿನ ತಲೆಮಾರಿನವರು ಪೆನ್ನಿನ ನೀಲಿ ಶಾಯಿ ಸುರಿದರೆ ಈಗಿನವರು ಟೂತ್‌ಪೇಸ್ಟ್ ಬಳಿಯುತ್ತಾರೆ. ಇಲ್ಲಿಗೆ ಬಂದ ಮೇಲೆ ಪಟ್ಟಿಗೆ ತೆಂಗಿನ ಎಣ್ಣೆಯೂ ಸೇರಿಕೊಂಡಿದೆ. ಔಷಧದ ಡಬ್ಬಿಯ ತಳದಲ್ಲಿ ಯಾವ ಕಾಲದ್ದೋ ಒಂದು ಹಳದಿ ಮುಲಾಮಿನ ಟ್ಯೂಬು ಇದ್ದೇ ಇರುತ್ತದೆ. ಇಷ್ಟು ಉದ್ದದ ಪಟ್ಟಿಯಲ್ಲಿ ಇರಬೇಕಾಗಿದ್ದ ಒಂದೇ ಒಂದು ವಸ್ತು ಇಲ್ಲ. ಅದು ನೀರು.

ಈ ಲೇಖನ ಹೇಳುವ ಮಾತು ಒಂದೇ. ಬೆಂದ ತಕ್ಷಣ ಗಾಯದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬೇಕು ಎಂಬ ತಿಳಿವಳಿಕೆ ಪ್ರತಿ ಮನೆಯಲ್ಲಿ, ಪ್ರತಿ ಹೋಟೆಲಿನ ಅಡುಗೆಮನೆಯಲ್ಲಿ ಇರಬೇಕು. ಪರನಾಡಿನಲ್ಲಿರುವ ಕನ್ನಡಿಗರಿಗೆ ಅದನ್ನು ಕನ್ನಡದಲ್ಲಿ ಮುಟ್ಟಿಸುವ ಹೊಣೆ ಕನ್ನಡ ಸಂಘದ್ದು. ಆ ಹೊಣೆಯನ್ನು ನಾವು ಇದುವರೆಗೆ ಹೊತ್ತಿಲ್ಲ. ಇದನ್ನು ಹೇಳಲು ವೈದ್ಯನೇ ಆಗಬೇಕೆಂದಿಲ್ಲ. ಈ ಲೇಖಕ ವೈದ್ಯನಲ್ಲ. ವೈದ್ಯರು ಅರ್ಧ ಶತಮಾನಕ್ಕೂ ಮಿಕ್ಕಿ ಹೇಳುತ್ತ ಬಂದಿರುವುದು ನಮ್ಮ ಕಿವಿಗೆ ಏಕೆ ಬೀಳಲಿಲ್ಲ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಮೊದಲು ಚರ್ಮದೊಳಗೆ ನಡೆಯುವುದೇನು ಎಂಬುದನ್ನು ನೋಡೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಡಗ್ಲಸ್ ಜ್ಯಾಕ್ಸನ್ 1953ರಲ್ಲಿ ಸುಟ್ಟ ಗಾಯವನ್ನು ಮೂರು ವಲಯಗಳಾಗಿ ವಿವರಿಸಿದರು. ನಡುವಿನ ವಲಯ ಸತ್ತೇ ಹೋಗಿರುತ್ತದೆ. ಅದನ್ನು ಯಾರೂ ಬದುಕಿಸಲಾರರು. ಹೊರಗಿನ ವಲಯ ಬರೀ ಕೆಂಪಗಾಗಿರುತ್ತದೆ. ಅದು ತಾನಾಗಿ ವಾಸಿಯಾಗುತ್ತದೆ. ಇವೆರಡರ ನಡುವೆ ಇನ್ನೊಂದು ವಲಯವಿದೆ. ಅಲ್ಲಿ ರಕ್ತ ಸಂಚಾರ ಕುಂಠಿತವಾಗಿದೆ, ಜೀವಕೋಶಗಳು ಸತ್ತಿಲ್ಲ, ಆದರೆ ಸಾಯುವ ಅಂಚಿನಲ್ಲಿವೆ. ಗಾಯ ಮೇಲುಮೇಲೆ ಮಾಯುತ್ತದೆಯೋ, ಆಳಕ್ಕಿಳಿದು ಜೀವನಪರ್ಯಂತ ಕಲೆಯಾಗಿ ಉಳಿಯುತ್ತದೆಯೋ ಎಂಬುದು ಬಹುಮಟ್ಟಿಗೆ ಈ ನಡುವಿನ ವಲಯದ ಅಳಿವು ಉಳಿವಿನ ಮೇಲೆ ನಿಂತಿದೆ. ಒಲೆಯಿಂದ ಕೈ ತೆಗೆದ ಮಾತ್ರಕ್ಕೆ ಸುಡುವುದು ನಿಲ್ಲುವುದಿಲ್ಲ. ಚರ್ಮದೊಳಗೆ ಹೊಕ್ಕ ಕಾವು ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ. ಕೆಳಗಿಳಿಸಿದ ಮೇಲೂ ಕಾದ ಕಾವಲಿಯ ಮೇಲೆ ದೋಸೆ ಬೇಯುತ್ತಲೇ ಇರುವುದನ್ನು ಕಂಡ ಗೃಹಿಣಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹರಿಯುವ ನೀರು ಆ ಕಾವನ್ನು ಹೊತ್ತೊಯ್ಯುತ್ತದೆ, ನೋವನ್ನು ತಗ್ಗಿಸುತ್ತದೆ, ನಡುವಿನ ವಲಯಕ್ಕೆ ಬದುಕುವ ಅವಕಾಶ ಕೊಡುತ್ತದೆ. ಐಸ್‌ಲ್ಯಾಂಡಿನ ವೈದ್ಯ ಓಫೈಗುರ್ ಓಫೈಗ್ಸನ್ ತಣ್ಣೀರಿನ ಈ ಗುಣವನ್ನು ಪ್ರಯೋಗಗಳ ಮೂಲಕ ಪರಿಶೀಲಿಸಿ 1959ರಲ್ಲೇ ಪ್ರಕಟಿಸಿದರು. ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದ ಸಂಶೋಧಕರು ಈ ಶತಮಾನದ ಮೊದಲ ದಶಕದಲ್ಲಿ, ಮನುಷ್ಯರ ಚರ್ಮವನ್ನು ಹೋಲುವ ಹಂದಿಯ ಚರ್ಮದ ಮೇಲೆ ಪ್ರಯೋಗ ನಡೆಸಿ, ಇಪ್ಪತ್ತು ನಿಮಿಷ ಎಂಬ ಉತ್ತರ ಕಂಡುಕೊಂಡರು. ಎರಡು ಚೊಂಬು ನೀರು ಚಿಮುಕಿಸಿ ಮುಗಿಸುವುದಲ್ಲ, ಒದ್ದೆ ಬಟ್ಟೆ ಒತ್ತಿ ಕೂರುವುದೂ ಅಲ್ಲ. ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ. ತಡವಾಯಿತೆಂದು ಕೈಬಿಡಬೇಕಾಗಿಯೂ ಇಲ್ಲ. ಬೆಂದ ಮೂರು ಗಂಟೆಯೊಳಗೆ ಮಾಡಿದರೂ ಪ್ರಯೋಜನವುಂಟು.

ಇನ್ನು ತುಪ್ಪ, ಬೆಣ್ಣೆ, ಎಣ್ಣೆಗಳು ಏನು ಮಾಡುತ್ತವೆ? ಕಾವು ಹೊರಹೋಗಬೇಕಾದ ಹೊತ್ತಿನಲ್ಲಿ ಚರ್ಮದ ಮೇಲೆ ಜಿಡ್ಡಿನ ಹೊದಿಕೆ ಹಾಸುತ್ತವೆ. ದೋಸೆ ಹಿಟ್ಟು ಹುಳಿ ಬಂದ ವಸ್ತು. ಹುಳಿ ಬರಿಸುವ ಸೂಕ್ಷ್ಮಜೀವಿಗಳು ಅದರಲ್ಲಿ ತುಂಬಿವೆ. ಸಿಪ್ಪೆ ಕಳಚಿದ ಹಣ್ಣಿನಂತಿರುವ ಗಾಯಕ್ಕೆ ಅವನ್ನು ಆಹ್ವಾನಿಸುವುದು ಯಾವ ವೈದ್ಯ? ಟೂತ್‌ಪೇಸ್ಟಿನಲ್ಲಿರುವ ಪುದೀನ ತಂಪಿನ ಭ್ರಮೆಯನ್ನಷ್ಟೇ ಕೊಡುತ್ತದೆ, ಅದರೊಳಗಿನ ಪುಡಿ ಗಾಯವನ್ನು ಉಜ್ಜುತ್ತದೆ. ಶಾಯಿ, ಅರಿಶಿನ, ಹಳದಿ ಮುಲಾಮುಗಳು ಇನ್ನೊಂದು ತೊಂದರೆ ತರುತ್ತವೆ. ಗಾಯದ ಆಳವನ್ನು ವೈದ್ಯರು ಅದರ ಬಣ್ಣ ನೋಡಿ ಅಳೆಯುತ್ತಾರೆ. ನಾವು ಬಣ್ಣ ಬಳಿದು ಕಳಿಸಿದರೆ ಆಸ್ಪತ್ರೆಯಲ್ಲಿ ಅದನ್ನೆಲ್ಲ ತೊಳೆದು ತೆಗೆಯಬೇಕು. ಆ ತೊಳೆಯುವ ನೋವನ್ನು ಅನುಭವಿಸುವುದು ನಮ್ಮದೇ ಮಗು. ಗಾಯದ ಮೇಲೆ ಬರೆ ಎಳೆಯುವುದು ಎಂದರೆ ಇದೇ. ಫ್ರಿಜ್ಜಿನಲ್ಲಿರುವ ಮಂಜುಗಡ್ಡೆಯೂ ಬೇಡ. ಅದು ರಕ್ತನಾಳಗಳನ್ನು ಕುಗ್ಗಿಸಿ, ಉಳಿಯಬಹುದಾಗಿದ್ದ ಭಾಗವನ್ನೂ ಕೆಡಿಸುತ್ತದೆ.

ಇಷ್ಟು ಹೇಳಿದೊಡನೆ ಎದುರಾಗುವ ಆಕ್ಷೇಪಗಳು ಗೊತ್ತೇ ಇವೆ. "ನೀರು ತಾಗಿಸಿದರೆ ಗುಳ್ಳೆ ಏಳುತ್ತದೆ" ಎನ್ನುವುದು ಮೊದಲನೆಯದು. ಗುಳ್ಳೆ ಏಳುವುದು ನೀರಿನಿಂದಲ್ಲ, ಕಾವಿನಿಂದ. ಕಾವು ತಗುಲಿದ ರಕ್ತನಾಳಗಳಿಂದ ಜಿನುಗಿದ ದ್ರವ ಚರ್ಮದ ಪದರಗಳ ನಡುವೆ ಸೇರಿದಾಗ ಗುಳ್ಳೆ ಕಾಣುತ್ತದೆ. ಅದು ಕಾಣಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನೊಳಗೆ ನೀರು ಹಾಕಿದ್ದರೆ ಅಪವಾದ ನೀರಿನ ತಲೆಗೆ ಬರುತ್ತದೆ. ನೀರು ಹಾಕದ ಗಾಯದಲ್ಲೂ ಗುಳ್ಳೆ ಏಳುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: "ನಮ್ಮ ಹಿರಿಯರು ಮೂರ್ಖರೇ? ಇದು ನಮ್ಮ ಪರಂಪರೆಯಲ್ಲವೇ?" ಪರಂಪರೆಯ ಮಾತು ಬಂದರೆ ಸುಶ್ರುತನನ್ನೇ ಕೇಳೋಣ. ಸುಶ್ರುತ ಸಂಹಿತೆಯು ಸುಟ್ಟ ಗಾಯವನ್ನು ಆಳಕ್ಕೆ ತಕ್ಕಂತೆ ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಒಂದೊಂದಕ್ಕೂ ಬೇರೆ ಬೇರೆ ಉಪಚಾರ ಹೇಳುತ್ತದೆ. ಅಂದಿನ ಉಪಚಾರವೆಲ್ಲ ಇಂದಿನ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಆದರೆ ಗಾಯವನ್ನು ಕಣ್ಣಿಟ್ಟು ನೋಡಿ, ಆಳವನ್ನು ಅಳೆದು, ಬಗೆ ಬಗೆಯಾಗಿ ಯೋಚಿಸಿದ ಆ ಬುದ್ಧಿಗೂ, ಯಾವ ಗಾಯವಾದರೂ ಸರಿ ಕೈಗೆ ಸಿಕ್ಕ ಡಬ್ಬಿಯಿಂದ ಒಂದು ಬೆರಳು ಬಳಿಯುವ ನಮ್ಮ ಅಭ್ಯಾಸಕ್ಕೂ ಏನು ಸಂಬಂಧ? ಪರಂಪರೆಯ ಹೆಸರಿನಲ್ಲಿ ನಾವು ಉಳಿಸಿಕೊಂಡಿರುವುದು ಹಿರಿಯರ ವಿವೇಕವನ್ನಲ್ಲ, ನಮ್ಮ ಸೋಮಾರಿತನವನ್ನು.

ಜಿಡ್ಡಿನ ಮೋಹ ನಮ್ಮೊಬ್ಬರದೇ ಅಲ್ಲ ಎಂಬುದನ್ನೂ ಹೇಳಬೇಕು. ಸ್ಕಾಟ್ಲೆಂಡಿನ ಕ್ಯಾರನ್ ಕಬ್ಬಿಣದ ಕಾರ್ಖಾನೆಯಲ್ಲಿ ಬೆಂದ ಕೆಲಸಗಾರರಿಗೆ ಸುಣ್ಣದ ತಿಳಿ ಮತ್ತು ಅಗಸೆ ಎಣ್ಣೆ ಬೆರೆಸಿ ಹಚ್ಚುತ್ತಿದ್ದರು. ಕ್ಯಾರನ್ ಎಣ್ಣೆ ಎಂಬ ಹೆಸರಿನಿಂದ ಅದು ಇಂಗ್ಲಿಷ್ ವೈದ್ಯರ ಪುಸ್ತಕಗಳಿಗೂ ಏರಿತು. ಮುಂದೆ ಅವರು ಅದನ್ನು ಬಿಟ್ಟರು. ತಿಳಿದ ಮೇಲೆ ಬಿಡುವುದರಲ್ಲಿ ಅವಮಾನವೇನೂ ಇಲ್ಲ.

ಓದಿಕೊಂಡವರು ಮೂರನೆಯ ಆಕ್ಷೇಪ ಎತ್ತುತ್ತಾರೆ. ಮುಂಬಯಿಯ ವೈದ್ಯರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನೂ ಬಾಳೆಯೆಲೆಯನ್ನೂ ಸುಟ್ಟ ಗಾಯಕ್ಕೆ ಕಟ್ಟಿ ಒಳ್ಳೆಯ ಫಲ ಕಂಡಿದ್ದಾರಲ್ಲ, ಮನೆಮದ್ದನ್ನು ಹಳಿಯುವುದೇಕೆ ಎಂದು. ನಿಜ. ಆಲೂಗಡ್ಡೆ ಸಿಪ್ಪೆಯ ಬಗ್ಗೆ ಡಾ. ಕೇಸ್ವಾನಿಯವರೂ ಅವರ ಸಂಗಡಿಗರೂ 1980ರ ದಶಕದಲ್ಲಿ ಮಾಡಿದ ಕೆಲಸ ಬಡ ದೇಶದ ವೈದ್ಯರಿಗೆ ಹೆಮ್ಮೆ ತರುವಂಥದ್ದು. ಬಾಳೆಯೆಲೆಯ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಆದರೆ ಅಲ್ಲಿ ನಡೆದದ್ದೇನು? ಆಸ್ಪತ್ರೆಯಲ್ಲಿ, ಗಾಯವನ್ನು ಶುಚಿ ಮಾಡಿದ ಮೇಲೆ, ಕ್ರಿಮಿಶುದ್ಧ ಮಾಡಿದ ಸಿಪ್ಪೆಯನ್ನೋ ಎಲೆಯನ್ನೋ ಬ್ಯಾಂಡೇಜಿನ ಬದಲಿಗೆ ಬಳಸಿದರು. ಅದು ಅನಂತರದ ಶುಶ್ರೂಷೆ. ಮೊದಲ ಇಪ್ಪತ್ತು ನಿಮಿಷದ ಮಾತಲ್ಲ. ವಾರದ ಮೇಲಿನ ಕೆಲಸವನ್ನು ಮೊದಲ ನಿಮಿಷಕ್ಕೆ ತಂದು, ಮೊದಲ ನಿಮಿಷದ ಕೆಲಸವನ್ನು ಮರೆತುಬಿಡುವುದು ವಿದ್ಯಾವಂತರ ತಪ್ಪು.

ವಿದ್ಯೆಯ ಮಾತು ಬಂದದ್ದರಿಂದ, ನಾವಿರುವ ನಾಡಿನ ಒಂದು ಸಂಗತಿಯನ್ನು ನೆನೆಯಬೇಕು. 1989ರಲ್ಲಿ ಎರ್ನಾಕುಳಂ ಜಿಲ್ಲೆಯಲ್ಲಿ ಸ್ವಯಂಸೇವಕರು ಮನೆ ಮನೆಗೆ ನಡೆದು ಅಕ್ಷರ ಕಲಿಸಿದರು. 1990ರ ಫೆಬ್ರವರಿ 4ರಂದು ಅದು ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಘೋಷಿತವಾಯಿತು. 1991ರ ಏಪ್ರಿಲ್ 18ರಂದು ಇಡೀ ಕೇರಳವೇ ಆ ಮನ್ನಣೆ ಪಡೆಯಿತು. ಮುದುಕಿಯರ ಕೈಹಿಡಿದು ಅಕ್ಷರ ತಿದ್ದಿಸಲು ಒಂದು ವರ್ಷ ಸಾಕಾಯಿತು. ನಲ್ಲಿ ತಿರುಗಿಸುವುದನ್ನು ಕಲಿಸಲು ಎಷ್ಟು ದಿನ ಬೇಕು? ಆ ಜಿಲ್ಲೆಯಲ್ಲೇ ಬಾಳುತ್ತಿರುವ ನಮಗೆ ಆ ಉತ್ಸಾಹದ ಗಾಳಿಯೂ ಸೋಕಿಲ್ಲವೇ?

ದೊಡ್ಡ ದುರಂತಗಳು ನಡೆದಾಗ ನಾವು ಮರುಗುತ್ತೇವೆ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ತೀರಿಕೊಂಡರು, ಬಹುಪಾಲು ಮಕ್ಕಳು. ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್ ದೇವಸ್ಥಾನದಲ್ಲಿ 2016ರ ಏಪ್ರಿಲ್ 10ರ ಬೆಳಗಿನ ಜಾವ ಸಿಡಿಮದ್ದು ಸ್ಫೋಟಿಸಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಬೆಂದವರಲ್ಲಿ ಅನೇಕರನ್ನು ತಿರುವನಂತಪುರದ ಮೆಡಿಕಲ್ ಕಾಲೇಜಿಗೆ ತಂದರು. 2024ರ ಫೆಬ್ರವರಿ 12ರಂದು ಕೊಚ್ಚಿಯ ಮಗ್ಗುಲಿನ ತ್ರಿಪ್ಪುಣಿತ್ತುರದಲ್ಲಿ ಉತ್ಸವಕ್ಕೆಂದು ತಂದಿದ್ದ ಸಿಡಿಮದ್ದು ಸಿಡಿಯಿತು. ಅದೇ ವರ್ಷದ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ನೋಡಲು ಸೇರಿದ್ದ ಜನರ ನಡುವೆ ಅದೇ ಕಥೆ. 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಗಾಯಾಳುಗಳನ್ನು ಕಣ್ಣೂರು, ಕೋಯಿಕ್ಕೋಡು, ಮಂಗಳೂರಿನವರೆಗೂ ಸಾಗಿಸಬೇಕಾಯಿತು, ಕೆಲವರು ಉಳಿಯಲಿಲ್ಲ.

ಈ ದಿನಾಂಕಗಳು ಪತ್ರಿಕೆಯಲ್ಲಿ ಬಂದವು. ಪತ್ರಿಕೆಯಲ್ಲಿ ಬಾರದವು ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸುಟ್ಟ ಗಾಯಗಳಿಂದ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 1,80,000 ಮಂದಿ ಸಾಯುತ್ತಾರೆ. ಭಾರತದಲ್ಲಿ ವರ್ಷವೊಂದಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಸಾಧಾರಣವೋ ತೀವ್ರವೋ ಆದ ಸುಟ್ಟ ಗಾಯಕ್ಕೆ ತುತ್ತಾಗುತ್ತಾರೆ. ಇವು ಹೆಚ್ಚಾಗಿ ನಡೆಯುವುದು ಜಾತ್ರೆಯಲ್ಲಲ್ಲ, ಮನೆಯಲ್ಲಿ ಮತ್ತು ಕೆಲಸದ ಜಾಗದಲ್ಲಿ. ಅನ್ನ ಬಸಿಯುವಾಗ ಗಂಜಿ ಮೈಮೇಲೆ ಚೆಲ್ಲುತ್ತದೆ. ಅಂಬೆಗಾಲಿಡುವ ಮಗು ಮೇಜಿನ ಬಟ್ಟೆ ಎಳೆದಾಗ ಕಾಫಿಯ ಲೋಟ ಎದೆಯ ಮೇಲೆ ಬೀಳುತ್ತದೆ. ಸ್ನಾನಕ್ಕೆ ತೋಡಿಟ್ಟ ಬಿಸಿನೀರಿನ ಬಕೆಟ್ಟಿಗೆ ಮಗು ಕೈ ಹಾಕುತ್ತದೆ. 60 ಡಿಗ್ರಿಯ ನೀರು ಆಳವಾದ ಗಾಯ ಮಾಡಲು ಕೆಲವೇ ಸೆಕೆಂಡು ಸಾಕು. ಮಕ್ಕಳ ಚರ್ಮ ತೆಳು, ಅವಕ್ಕೆ ಇನ್ನೂ ಕಡಿಮೆ ಹೊತ್ತು ಸಾಕು. ದಪ್ಪ ಸಾಂಬಾರು, ಪಾಯಸಗಳು ಮೈಗೆ ಅಂಟಿಕೊಂಡು ಸುಡುತ್ತಲೇ ಇರುತ್ತವೆ.

ಊರಿನಲ್ಲಿದ್ದರೆ ಪಕ್ಕದ ಮನೆಯವರೋ ಅತ್ತೆಯೋ ಓಡಿಬಂದಾರು. ಕಾಕ್ಕನಾಡಿನ ಹನ್ನೆರಡನೆಯ ಮಹಡಿಯಲ್ಲಿ, ಕಳಕ್ಕೂಟ್ಟದ ಬಾಡಿಗೆ ಮನೆಯಲ್ಲಿ ಗಂಡ ಕೆಲಸಕ್ಕೆ ಹೋದ ಮೇಲೆ ಹಸುಗೂಸಿನೊಂದಿಗೆ ಒಬ್ಬಳೇ ಇರುವ, ನಿನ್ನೆ ಮೊನ್ನೆ ಹಾಸನದಿಂದಲೋ ಧಾರವಾಡದಿಂದಲೋ ಬಂದ ನಮ್ಮ ಹೆಣ್ಣುಮಗಳಿಗೆ ಯಾರಿದ್ದಾರೆ? ಬಸ್ ನಿಲ್ದಾಣದ ಎದುರಿನ ಉಡುಪಿ ಹೋಟೆಲಿನಲ್ಲಿ ಬೆಳಗಿನ ನಾಲ್ಕಕ್ಕೆ ಎದ್ದು ಬೋಂಡದ ಬಾಣಲೆಯ ಮುಂದೆ ನಿಲ್ಲುವ, ಕುಂದಾಪುರದ ಕಡೆಯಿಂದ ಬಂದ ಹುಡುಗನಿಗೆ ಯಾರಿದ್ದಾರೆ? ಆರೋಗ್ಯ ಇಲಾಖೆಯ ಭಿತ್ತಿಪತ್ರಗಳು ಮಲಯಾಳದಲ್ಲಿವೆ. ಮಾತು ಕಲಿತರೂ ಲಿಪಿ ಕಲಿಯಲು ನಮ್ಮಲ್ಲಿ ಹಲವರಿಗೆ ವರ್ಷಗಳೇ ಬೇಕು. ಸರಕಾರವನ್ನು ಬಯ್ಯುವುದು ಸುಲಭ. ಆದರೆ ಇಲ್ಲಿನ ಸರಕಾರ ಇಲ್ಲಿನ ಜನರ ಭಾಷೆಯಲ್ಲಿ ಹೇಳುತ್ತದೆ. ಕನ್ನಡದಲ್ಲಿ ಹೇಳಬೇಕಾದವರು ನಾವು. ಕನ್ನಡ ಸಂಘ ಇರುವುದು ಇದಕ್ಕಲ್ಲದೆ ಇನ್ನು ಯಾವುದಕ್ಕೆ?

ಕೆಲವು ಮಲಯಾಳ ಪದಗಳೂ ನಮ್ಮ ನಾಲಿಗೆಗೆ ಬರಲಿ. ಸುಟ್ಟ ಗಾಯಕ್ಕೆ ಇಲ್ಲಿ "ಪೊಳ್ಳಲ್" ಎನ್ನುತ್ತಾರೆ. ನಮ್ಮ ಪೊಳ್ಳಿಗೂ ಇದಕ್ಕೂ ನಂಟಿಲ್ಲ. ಯಾರಾದರೂ "ಪೊಳ್ಳಲೇಟ್ಟು" ಎಂದು ಕೂಗಿದರೆ ಸುಟ್ಟುಕೊಂಡಿದ್ದಾರೆ ಎಂದರ್ಥ. "ತಣುತ್ತ ವೆಳ್ಳಂ" ಎಂದರೆ ತಣ್ಣೀರು. ಆಂಬುಲೆನ್ಸಿಗೆ 108, ಅಗ್ನಿಶಾಮಕ ದಳಕ್ಕೆ 101, ಅಡುಗೆ ಅನಿಲ ಸೋರಿದರೆ 1906. ಹಗಲಿರಲಿ ರಾತ್ರಿಯಿರಲಿ, ಆರೋಗ್ಯದ ಬಗ್ಗೆ ಸಲಹೆ ಬೇಕಾದರೆ ಕೇರಳ ಸರಕಾರದ ದಿಶಾ ಸೇವೆಯ ಸಂಖ್ಯೆ 1056.

ಇನ್ನು ಮಾಡಬೇಕಾದದ್ದನ್ನು ಕ್ರಮವಾಗಿ ಹೇಳುತ್ತೇನೆ. ದಯವಿಟ್ಟು ಮನೆಮಂದಿಗೆಲ್ಲ ಓದಿ ಹೇಳಿ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ಓಡಿದಷ್ಟೂ ಗಾಳಿ ಸಿಕ್ಕಿ ಬೆಂಕಿ ಹೆಚ್ಚುತ್ತದೆ. ನಿಲ್ಲಬೇಕು, ನೆಲಕ್ಕೆ ಮಲಗಬೇಕು, ಹೊರಳಬೇಕು. ಹತ್ತಿರವಿದ್ದವರು ದಪ್ಪ ಹತ್ತಿಯ ಅಥವಾ ಉಣ್ಣೆಯ ಕಂಬಳಿ ಹೊದಿಸಿ ಬೆಂಕಿ ಆರಿಸಬೇಕು. ವಿದ್ಯುತ್ತಿನಿಂದ ಸುಟ್ಟಿದ್ದರೆ ಮೇನ್ ಸ್ವಿಚ್ ಆರಿಸುವ ಮುನ್ನ ಮುಟ್ಟಬಾರದು. ಒಂದು ಎಚ್ಚರಿಕೆ: ನೀರು ಬೇಕಾದದ್ದು ಗಾಯಕ್ಕೆ. ಹೊತ್ತಿ ಉರಿಯುವ ಎಣ್ಣೆಯ ಬಾಣಲೆಗೆ ನೀರು ಸುರಿದರೆ ಬೆಂಕಿ ಮೇಲೆ ಹಾರುತ್ತದೆ. ಅಲ್ಲಿ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಬೇಕು.

ಬೆಂದ ಭಾಗವನ್ನು ಕೂಡಲೇ ಹರಿಯುವ ತಣ್ಣೀರಿಗೆ ಹಿಡಿಯಬೇಕು. ಮಾರ್ಚ್, ಏಪ್ರಿಲಿನ ಮಧ್ಯಾಹ್ನ ತಾರಸಿಯ ತೊಟ್ಟಿಯ ನೀರೇ ಬಿಸಿಯಾಗಿರುತ್ತದೆ. ತಣ್ಣಗಾಗುವವರೆಗೆ ಸ್ವಲ್ಪ ಹರಿಯಬಿಡಿ, ಇಲ್ಲವೇ ಬಾವಿಯ ನೀರನ್ನೋ ಕೊಡದ ನೀರನ್ನೋ ಚೊಂಬಿನಿಂದ ನಿಲ್ಲಿಸದೆ ಸುರಿಯಿರಿ. ನೀರು ಬೀಳುತ್ತಿರುವಾಗಲೇ ಉಂಗುರ, ಬಳೆ, ಗಡಿಯಾರ, ಕಾಲುಂಗುರ, ಬೆಂದ ಜಾಗದ ಬಟ್ಟೆ ತೆಗೆಯಬೇಕು; ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಮಾತ್ರ ಎಳೆಯಬಾರದು. ಬಳೆ, ಕಾಲುಂಗುರ ತೆಗೆಯುವುದು ಅಶುಭವೆಂದು ನಮ್ಮ ಹೆಂಗಸರು ಹಿಂಜರಿಯುತ್ತಾರೆ. ಬೆಂದ ಕೈ ಕಾಲು ಸ್ವಲ್ಪ ಹೊತ್ತಿನಲ್ಲೇ ಊದಿಕೊಳ್ಳುತ್ತದೆ; ಆಗ ಉಂಗುರ ರಕ್ತ ಸಂಚಾರವನ್ನು ತಡೆದು ಬೆರಳನ್ನೇ ಕೆಡಿಸಬಹುದು. ಬೆರಳು ಹೋದರೆ ಆಗುವ ಅಶುಭಕ್ಕೆ ಯಾವ ಶಾಂತಿ ಮಾಡಿಸೋಣ? ದೊಡ್ಡ ಗಾಯವಾಗಿದ್ದರೆ, ಅದರಲ್ಲೂ ಮಕ್ಕಳಾದರೆ, ಮೈ ಪೂರ್ತಿ ತಣ್ಣಗಾಗದಂತೆ ಉಳಿದ ಭಾಗಕ್ಕೆ ಒಣ ಬಟ್ಟೆ ಹೊದಿಸಿ, ನಡುಕ ಬಂದರೆ ನೀರು ನಿಲ್ಲಿಸಬೇಕು.

ಬಚ್ಚಲು ತೊಳೆಯುವ ಆಸಿಡ್ ಬಿದ್ದರೆ ಇಪ್ಪತ್ತು ನಿಮಿಷವೂ ಸಾಲದು, ಇನ್ನೂ ಹೆಚ್ಚು ಹೊತ್ತು ತೊಳೆಯಬೇಕು. ಒಣ ಸುಣ್ಣದ ಪುಡಿಯಾದರೆ ಮೊದಲು ಒಣ ಬಟ್ಟೆಯಿಂದ ಕೊಡವಿ, ಅನಂತರ ನೀರು. ಇಪ್ಪತ್ತು ನಿಮಿಷ ಕಳೆದ ಮೇಲೆ ಒಗೆದ ತೆಳು ಹತ್ತಿ ಬಟ್ಟೆಯನ್ನೋ, ಆಹಾರ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯನ್ನೋ ಗಾಯದ ಮೇಲೆ ಸಡಿಲವಾಗಿ ಹಾಸಿದರೆ ಸಾಕು. ಹತ್ತಿಯ ಉಂಡೆ ಇಡಬೇಡಿ, ಗುಳ್ಳೆ ಒಡೆಯಬೇಡಿ.

ಗಾಯಾಳುವಿನದೇ ಅಂಗೈಗಿಂತ ದೊಡ್ಡದಾದ ಗಾಯ, ಮುಖ, ಕೈ, ಪಾದ, ಕೀಲು, ಗುಪ್ತಾಂಗಗಳ ಗಾಯ, ಹೊಗೆ ಕುಡಿದವರು, ವಿದ್ಯುತ್ತಿನಿಂದಲೋ ಆಸಿಡ್‌ನಿಂದಲೋ ಸುಟ್ಟವರು, ಚಿಕ್ಕ ಮಕ್ಕಳು, ವೃದ್ಧರು, ಗರ್ಭಿಣಿಯರು, ಇವರೆಲ್ಲ ಆಸ್ಪತ್ರೆಗೆ ಹೋಗಲೇಬೇಕು. ಬೆಳ್ಳಗೋ ಕಪ್ಪಗೋ ಆಗಿ ನೋವೇ ಇಲ್ಲದ ಗಾಯವನ್ನು ಕಂಡು ಸಮಾಧಾನಪಡಬೇಡಿ. ನೋವು ತಿಳಿಸುವ ನರಗಳೇ ಅಲ್ಲಿ ಸುಟ್ಟುಹೋಗಿವೆ ಎಂದು ತಿಳಿಯಿರಿ. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಲು ಮರೆಯಬೇಡಿ.

ಆಸ್ಪತ್ರೆ ಎಂದೊಡನೆ ಕೆಲವು ಮನೆಗಳಲ್ಲಿ ಬೇರೆಯೇ ಅಂಜಿಕೆ ಹುಟ್ಟುತ್ತದೆ: ಬೆಂದ ಹೆಂಗಸನ್ನು ಕರೆದೊಯ್ದರೆ ಪೋಲೀಸರು ಬರುತ್ತಾರೆ, ಕೇಸಾಗುತ್ತದೆ, ನಾಲ್ಕು ಜನ ಏನೆಂದುಕೊಂಡಾರು ಎಂದು. ಈ ಅಂಜಿಕೆಯಿಂದ ಮನೆಯೊಳಗೇ ಕಳೆದ ಗಂಟೆಗಳು ಜೀವಕ್ಕೆ ಎರವಾಗುತ್ತವೆ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಕಾನೂನಿನ ವಿಧಿಗಳು ಅನಂತರ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಸರಕಾರಿ ವೈದ್ಯರಿಗೂ ಖಾಸಗಿ ವೈದ್ಯರಿಗೂ ಅದು ಅನ್ವಯ. ಮರ್ಯಾದೆಯ ಹೆಸರಿನಲ್ಲಿ ಒಬ್ಬಳ ಪ್ರಾಣ ಒತ್ತೆಯಿಡುವ ಮನೆಗೆ ಯಾವ ಮರ್ಯಾದೆ ಉಳಿಯುತ್ತದೆ?

ಕೊನೆಗೆ ಸಂಘದ ಮಾತು. ನವೆಂಬರ್ 1 ನಮಗೆ ರಾಜ್ಯೋತ್ಸವ, ನಮ್ಮ ಆತಿಥೇಯರಿಗೆ ಕೇರಳ ಪಿರವಿ. ಆ ದಿನ ವೇದಿಕೆಯ ಮೇಲೆ ಶಾಲು, ಹಾರ, ಸ್ಮರಣಿಕೆಗಳಿಗೆ ನಮ್ಮಲ್ಲಿ ಹಣವೂ ಇದೆ, ಸಮಯವೂ ಇದೆ. ಭಾಷಣಕಾರರು ಕನ್ನಡ ಉಳಿಯಬೇಕು ಎನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ. ಭಾಷೆ ಉಳಿಯುವುದು ಅದು ಬದುಕಿನ ಕಷ್ಟದಲ್ಲಿ ಕೈಹಿಡಿದಾಗ. ಬೆಂದ ಮಗುವಿನ ತಾಯಿಗೆ ಆ ಕ್ಷಣದಲ್ಲಿ ತನ್ನ ನುಡಿಯಲ್ಲಿ ನಾಲ್ಕು ಸಾಲು ಸಿಕ್ಕಿದರೆ ಅದು ಹತ್ತು ಭಾಷಣಗಳಿಗೆ ಸಮ. ಸಂಘ ಇಂಥದ್ದಕ್ಕಲ್ಲ, ಸಾಹಿತ್ಯ ಸಂಸ್ಕೃತಿಗಳಿಗೆ ಎನ್ನುವ ಹಿರಿಯರಿಗೆ ನನ್ನ ವಿನಂತಿ: ಅಡುಗೆಮನೆಯನ್ನು ಹೊರಗಿಟ್ಟ ಸಂಸ್ಕೃತಿ ಯಾವುದೆಂದು ತಿಳಿಸಿಕೊಡಬೇಕು.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಈ ಬೇಡಿಕೆಗಳನ್ನು ಇಡುತ್ತಿದ್ದೇನೆ. ವರ್ಷಕ್ಕೊಂದು ಭಾನುವಾರದ ಸಭೆಯನ್ನು ಪ್ರಥಮ ಚಿಕಿತ್ಸೆಗೆ ಮೀಸಲಿಡಲಿ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್, ಅಗ್ನಿಶಾಮಕ ಇಲಾಖೆಯವರಿಂದ ತರಬೇತಿ ಕೇಳಿಕೊಳ್ಳಲಿ, ಅವರ ಮಾತನ್ನು ನಮ್ಮವರೇ ಒಬ್ಬರು ಕನ್ನಡಕ್ಕೆ ತಿರುಗಿಸಲಿ. ನಲ್ಲಿಯ ಮೇಲೆ ಅಂಟಿಸಲು ಅಂಗೈ ಅಗಲದ ಒಂದು ಚೀಟಿ ಅಚ್ಚು ಹಾಕಿಸಿ ಈ ಪತ್ರಿಕೆಯ ಜೊತೆ ಮನೆ ಮನೆಗೆ ಕಳಿಸಲಿ: "ಇಪ್ಪತ್ತು ನಿಮಿಷ ತಣ್ಣೀರು. ಉಂಗುರ ಬಳೆ ತೆಗೆಯಿರಿ. ಏನೂ ಹಚ್ಚಬೇಡಿ. ಶುಭ್ರ ಬಟ್ಟೆ ಹಾಸಿ. ಆಸ್ಪತ್ರೆ: 108." ಹೋಟೆಲ್ ಮಾಲೀಕರಾದ ಸದಸ್ಯರು, ಗಲ್ಲಾದ ಮೇಲೆ ದೇವರ ಪಟ ಇರುವಂತೆ, ಒಲೆಯ ಬಳಿ ಈ ಚೀಟಿ ಇರುವಂತೆ ನೋಡಿಕೊಳ್ಳಲಿ, ಬೆಂದ ಹುಡುಗನನ್ನು ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ನಿಲ್ಲಲು ಬಿಡಲಿ. ಗಿರಾಕಿ ಕಾದಾನು, ಚರ್ಮ ಕಾಯುವುದಿಲ್ಲ.

ತಿರುವನಂತಪುರದವರಿಗೆ ಇನ್ನೊಂದು ಮಾತು. ಕುಂಭ ಮಾಸದಲ್ಲಿ ಆಟ್ಟುಕಾಲ್ ಪೊಂಗಾಲೆಗೆ ಲಕ್ಷಾಂತರ ಮಹಿಳೆಯರು ಬೀದಿಯುದ್ದಕ್ಕೂ ಇಟ್ಟಿಗೆಯ ಒಲೆ ಹೂಡಿ ಬಿಸಿಲಲ್ಲಿ ಕೂರುತ್ತಾರೆ. 2009ರಲ್ಲಿ 25 ಲಕ್ಷ ಮಂದಿ ಸೇರಿದ್ದು ಗಿನ್ನೆಸ್ ದಾಖಲೆ. ನಮ್ಮ ಹೆಣ್ಣುಮಕ್ಕಳೂ ಭಕ್ತಿಯಿಂದ ಹೋಗುತ್ತಾರೆ, ಹೋಗಲಿ. ನೈಲಾನ್ ಸೀರೆ ಬಿಟ್ಟು ಹತ್ತಿಯ ಸೀರೆ ಉಡಲಿ, ಸೆರಗು ಸಿಕ್ಕಿಸಲಿ, ಅಕ್ಕಿ ಬೆಲ್ಲದ ಜೊತೆಗೆ ಎರಡು ದೊಡ್ಡ ಬಾಟಲಿ ನೀರು ಹೆಚ್ಚಾಗಿ ಒಯ್ಯಲಿ. ತನಗೆ ಬೇಡವಾದರೂ ಪಕ್ಕದ ಒಲೆಯ ತಂಗಿಗೆ ಬೇಕಾದೀತು. ಇಲಾಖೆಯ ಪ್ರಥಮ ಚಿಕಿತ್ಸಾ ಕೇಂದ್ರ ಎಲ್ಲಿದೆ ಎಂದು ಒಲೆ ಹಚ್ಚುವ ಮೊದಲೇ ನೋಡಿಕೊಳ್ಳಲಿ.

ಇದಕ್ಕೆಲ್ಲ ಆಗುವ ಖರ್ಚು ಒಂದು ಸನ್ಮಾನದ ಖರ್ಚನ್ನು ಮೀರುವುದಿಲ್ಲ. ಸಮಿತಿ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಿಕೊಳ್ಳಲಿ; ಒಪ್ಪದಿದ್ದರೆ ಕಾರಣವನ್ನು ಇದೇ ಪತ್ರಿಕೆಯಲ್ಲಿ ಬರೆಯಲಿ. ಓದುಗರು ಅಷ್ಟರವರೆಗೆ ಕಾಯಬೇಕಾಗಿಲ್ಲ. ಈ ಪುಟ ಮಡಚಿಡುವ ಮುನ್ನ ಔಷಧದ ಡಬ್ಬಿಯ ತಳದಲ್ಲಿರುವ ಆ ಹಳೆಯ ಟ್ಯೂಬನ್ನು ಹೊರಗೆಸೆದು, ಮನೆಯಲ್ಲಿರುವ ಚಿಕ್ಕ ಮಗುವಿಗೂ ಅರ್ಥವಾಗುವಂತೆ ನಲ್ಲಿಯನ್ನು ತೋರಿಸಿ ಹೇಳಿ: ಸುಟ್ಟರೆ ಇಲ್ಲಿಗೆ ಬಾ.